ಮಗಳು ಆರಿಸಿದ ಒಲೆ

ನಮ್ಮೂರಿನಲ್ಲಿ ಯಾರಾದರೂ ಕೈಚಾಚಿ ಕೊಟ್ಟ ತಿನಿಸನ್ನು ಬೇಡ ಎಂದರೆ ಕೊಟ್ಟವರ ಮನೆಯ ಒಲೆ ಆರಿಹೋಗುತ್ತದೆ. ಆರಿದ ಒಲೆ ಮಾರನೆಯ ದಿನ ಬೆಳಗಾಗುವವರೆಗೆ ಹೊತ್ತುವುದಿಲ್ಲ. ಬೆಳಗಾದ ಮೇಲೂ ಇನ್ನೊಂದು ಮನೆಯ ಕೆಂಡ ತಂದು ಹಾಕಿದರೆ ಮಾತ್ರ ಹೊತ್ತುತ್ತದೆ. ಕಡ್ಡಿ ಗೀರಿ ನೋಡಿದವರಿದ್ದಾರೆ, ಸೀಮೆಎಣ್ಣೆ ಸುರಿದವರಿದ್ದಾರೆ. ಗ್ಯಾಸ್ ಒಲೆ ಬಂದರೆ ಈ ಕಾಟ ತಪ್ಪುತ್ತದೆಂದು ಮೊದಲು ಗ್ಯಾಸ್ ತರಿಸಿದ ಮಾಸ್ತರರ ಮನೆಯಲ್ಲಿ ಬೀಗರು ಉಪ್ಪಿಟ್ಟು ಬೇಡ ಅಂದರು, ಅದೂ ಆರಿತು. ಹೀಗಾಗಿ ನಮ್ಮ ಜನ ಬೇಡ ಅನ್ನುವುದನ್ನೇ ಬಿಟ್ಟಿದ್ದಾರೆ. ‘ಇರಲಿ’ ಅನ್ನುತ್ತಾರೆ, ‘ಆಮೇಲೆ ತಿಂತೀನಿ’ ಅನ್ನುತ್ತಾರೆ, ‘ಕಟ್ಟಿ ಕೊಡ್ರಿ’ ಅನ್ನುತ್ತಾರೆ. ಮದುವೆಯೂಟ ಮುಗಿಸಿ ಹೊರಟ ಹೆಂಗಸರ ಉಡಿ ನೋಡಬೇಕು, ಎಲ್ಲರೂ ಬಸುರಿಯರಂತೆ ಕಾಣುತ್ತಾರೆ. ನಮ್ಮೂರಿನ ನಾಯಿಗಳಷ್ಟು ದಪ್ಪ ನಾಯಿಗಳು ಎಲ್ಲೂ ಇರಲಿಕ್ಕಿಲ್ಲ.

ಆರಿದ ಒಲೆಗಳಿಗೆ ಬೆಳಿಗ್ಗೆ ಕೆಂಡ ಹಾಕುವವಳು ನಾನು. ನನಗಿಂತ ಮೊದಲು ನನ್ನ ಅತ್ತೆ ಹಾಕುತ್ತಿದ್ದಳು, ಅವಳಿಗಿಂತ ಮೊದಲು ಅವಳ ಅತ್ತೆ. ನಮ್ಮ ಮನೆಯ ಒಲೆ ಯಾವತ್ತೂ ಆರಿಲ್ಲವೆಂದೇ ಊರು ಈ ಕೆಲಸವನ್ನು ನಮಗೆ ಒಪ್ಪಿಸಿತ್ತು. ಕಬ್ಬಿಣದ ಬಾಣಲೆಯಲ್ಲಿ ಕೆಂಡ ತುಂಬಿ, ಮೇಲೆ ತೆಳ್ಳಗೆ ಬೂದಿ ಮುಚ್ಚಿ, ಇಕ್ಕಳ ಹಿಡಿದು ಹೊರಟೆನೆಂದರೆ ಯಾರ ಮನೆಯಲ್ಲಿ ಯಾರು ಯಾರಿಗೆ ಬೇಡ ಅಂದರೆಂಬುದು ಹಾದಿಗುಂಟ ಗೊತ್ತಾಗುತ್ತಿತ್ತು. ನನ್ನ ಬಾಯಿಯೂ ಸುಮ್ಮನಿರುವ ಜಾತಿಯದಲ್ಲ. ‘ಸೊಸಿ ಸಿಟ್ಟಾಗ್ಯಾಳೇನ್ರಿ?’ ಎಂದು ಕೇಳದೆ ಒಂದು ಕೆಂಡವನ್ನೂ ಹಾಕಿದವಳಲ್ಲ ನಾನು. ಈ ಬಸಲಿಂಗವ್ವನ ಬಾಯಿಗೆ ಹೆದರಿಯೇ ಎಷ್ಟೋ ಜನ ತಮ್ಮ ಜಗಳಗಳನ್ನು ಊಟ ಮುಗಿದ ಮೇಲೆ ಇಟ್ಟುಕೊಳ್ಳುತ್ತಿದ್ದರು. ದೇವರು ಅದನ್ನೆಲ್ಲ ನೋಡಿಕೊಂಡೇ ನನಗೆ ಲೀಲಾಳನ್ನು ಕೊಟ್ಟಿರಬೇಕು.

ಶಿವಲೀಲಾ ನನ್ನ ಒಬ್ಬಳೇ ಮಗಳು. ಹಾಲುಹಲ್ಲು ಬಂದ ಹೊಸತರಲ್ಲಿ ನಾನೇ ಶೇಂಗಾ ಹೋಳಿಗೆಯ ಒಂದು ಚೂರನ್ನು ತುಪ್ಪದಲ್ಲಿ ಅದ್ದಿ ಅವಳ ಬಾಯಿಗಿಟ್ಟೆ. ನೋಡುನೋಡುತ್ತಿದ್ದಂತೆ ತುಟಿ ಬಾತುಕೊಂಡಿತು, ಕಣ್ಣು ಮುಚ್ಚಿಹೋದವು, ಉಸಿರು ಸೀಟಿ ಊದಿದ ಹಾಗೆ ಬರತೊಡಗಿತು. ನನ್ನ ಗಂಡ ರುದ್ರಗೌಡ ಅವಳನ್ನು ಹೆಗಲಿಗೆ ಹಾಕಿಕೊಂಡು ದವಾಖಾನೆಗೆ ಓಡಿದ. ಡಾಕ್ಟರಮ್ಮ ಸೂಜಿ ಚುಚ್ಚಿ ಉಳಿಸಿದರು. ಈ ಕೂಸಿಗೆ ಶೇಂಗಾ ವಿಷವಿದ್ದಂತೆ, ಒಂದು ಕಾಳೂ ಬೇಡ, ಅದರ ಪುಡಿಯೂ ಬೇಡ ಎಂದು ಹೇಳಿದರು. ಶೇಂಗಾ ಇಲ್ಲದ ಅಡಿಗೆ ನಮ್ಮೂರಿನಲ್ಲಿ ಯಾವುದಿದೆ? ಬದನೆಕಾಯಿಯ ಹೊಟ್ಟೆಯಲ್ಲಿ ಅದೇ, ಚಟ್ನಿಪುಡಿಯಲ್ಲಿ ಅದೇ, ಮಕ್ಕಳ ಕಿಸೆಯಲ್ಲೂ ಅದೇ.

ಊರಿನ ಉಪಾಯವನ್ನೇ ಮೊದಲು ಕಲಿಸಿದೆ. ಕೊಟ್ಟರೆ ಇಸಿದುಕೋ, ‘ಆಮೇಲೆ ತಿಂತೀನಿ’ ಅನ್ನು, ತಂದು ನನಗೆ ಕೊಡು ಅಂದೆ. ಹಾಗೆಯೇ ಒಂದು ದಿನ ಯಾರೋ ಕೊಟ್ಟ ಶೇಂಗಾ ಉಂಡಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮನೆಯವರೆಗೆ ಬಂದಳು. ಉಂಡಿಯನ್ನು ನನಗೆ ಕೊಟ್ಟು, ಸಣ್ಣ ಮಕ್ಕಳು ಮಾಡುವ ಹಾಗೆ ಬೆರಳು ನೆಕ್ಕಿದಳು. ಮತ್ತೆ ದವಾಖಾನೆ, ಮತ್ತೆ ಸೂಜಿ. ಆ ಸಲ ಡಾಕ್ಟರಮ್ಮ ನನ್ನನ್ನು ಎದುರಿಗೆ ಕೂರಿಸಿಕೊಂಡರು. ಅವಳು ಶಾಲೆಗೆ ಹೋಗುವವಳು, ನೀವು ಎಷ್ಟು ದಿನ ಬೆನ್ನ ಹಿಂದೆ ಓಡಾಡುತ್ತೀರಿ, ಕೈಯಲ್ಲೂ ಹಿಡಿಯದೆ ಬೇಡ ಅನ್ನುವುದನ್ನು ಕಲಿಸಿ, ಕಲಿಸಿದ ಮೇಲೆ ಅವಳನ್ನು ನಂಬಿ ಅಂದರು. ಅವರು ಬೇರೆ ಊರಿನವರು, ಅವರಿಗೆ ಹೇಳುವುದು ಸುಲಭ.

ಆದರೂ ಕಲಿಸಿದೆ. ನಿಜವಾದ ತಿನಿಸು ಹಿಡಿದು ಕಲಿಸಿದರೆ ನನ್ನ ಒಲೆಯೇ ಆರುತ್ತದಲ್ಲ, ಅದಕ್ಕೆ ಹಿತ್ತಲಲ್ಲಿ ಮಣ್ಣು ಕಲಸಿ ಉಂಡಿ, ಹೋಳಿಗೆ, ಚಕ್ಕುಲಿ ಮಾಡಿಕೊಂಡು ಕೂರುತ್ತಿದ್ದೆವು. ನಾನು ಒಮ್ಮೆ ಗೌಡತಿ, ಒಮ್ಮೆ ಅಂಗಡಿಯವ, ಒಮ್ಮೆ ಶಾಲೆಯ ಟೀಚರಾಗಿ ಮಣ್ಣಿನ ಉಂಡಿ ಚಾಚುತ್ತಿದ್ದೆ. ಅವಳು ಕೇಳಬೇಕು: ಇದರಾಗ ಏನೈತಿ? ಯಾರು ಮಾಡ್ಯಾರ? ಮಾಡೂದನ್ನ ನೀವು ನೋಡೀರಿ? ಒಂದಕ್ಕಾದರೂ ಉತ್ತರ ಸಿಗದಿದ್ದರೆ ಬ್ಯಾಡ ಅನ್ನಬೇಕು. ‘ಗೊತ್ತಿಲ್ಲಾ ಅಂದ್ರ ಬ್ಯಾಡ’ ಎಂದು ಹಾಡಿನ ಹಾಗೆ ಹೇಳಿಸುತ್ತಿದ್ದೆ. ಅವಳು ಬೇಗ ಕಲಿತಳು. ಆಟದಲ್ಲಿ ನಾನು ಎಷ್ಟು ಪುಸಲಾಯಿಸಿದರೂ ಬಗ್ಗುತ್ತಿರಲಿಲ್ಲ. ನನಗೆ ಹೆಮ್ಮೆಯೋ ಹೆಮ್ಮೆ.

ಹಿತ್ತಲಿನಿಂದ ಅವಳು ಓಣಿಗೆ ಇಳಿದ ಮೇಲೆ ಹೆಮ್ಮೆ ಹೋಯಿತು. ಐದು ವರ್ಷದ ಹುಡುಗಿ, ಮಾತು ತೇಲಿಸಲು ಬರುವುದಿಲ್ಲ. ಕೇಳಬೇಕಾದ್ದನ್ನು ಕೇಳುತ್ತಿದ್ದಳು, ಉತ್ತರ ಸರಿಬರದಿದ್ದರೆ ಬ್ಯಾಡ ಅನ್ನುತ್ತಿದ್ದಳು, ಒಳಗೆ ಒಲೆ ಆರುತ್ತಿತ್ತು. ಪಲ್ಲೇದವರ ಮನೆಯದು ಆರಿತು, ಬಳೆಗಾರ್ತಿಯದು ಆರಿತು, ಶಾಲೆಯ ಅಡಿಗೆಯ ಒಲೆ ಆರಿ ಎಲ್ಲ ಮಕ್ಕಳೂ ಆ ದಿನ ಮಂಡಕ್ಕಿ ತಿಂದರು. ಪ್ರತಿ ಸಲವೂ ನಾನು ಓಡಿಹೋಗಿ, ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ‘ತಪ್ಪಾತ್ರಿ, ಕೂಸು, ತಿಳೀಲಿಲ್ಲ’ ಅನ್ನುತ್ತಿದ್ದೆ. ಮಾರನೆಯ ಬೆಳಿಗ್ಗೆ ಮೊದಲ ಕೆಂಡವನ್ನು ಅವರ ಮನೆಗೇ ಒಯ್ಯುತ್ತಿದ್ದೆ. ನನ್ನ ಚೂಪು ಬಾಯಿ ಎಲ್ಲಿ ಹೋಯಿತೋ, ತಲೆ ತಗ್ಗಿಸಿ ಹೋಗಿ ತಲೆ ತಗ್ಗಿಸಿ ಬರುತ್ತಿದ್ದೆ. ಜನ ನನ್ನ ಹಳೆಯ ಬಾಕಿಯನ್ನೆಲ್ಲ ಒಮ್ಮೆಲೇ ತೀರಿಸಿದರು. ‘ಮಗಳು ಆರಸ್ತಾಳ, ತಾಯಿ ಹಚ್ಚತಾಳ, ಚೊಲೋ ಉದ್ಯೋಗ’ ಅಂದರು.

ಕೆಟ್ಟ ಜನವೇನಲ್ಲ. ಅವರೂ ಹೊಂದಿಕೊಂಡರು. ಲೀಲಾ ಬರುವುದು ಕಂಡರೆ ತಾಟನ್ನು ಸೆರಗಿನ ಕೆಳಗೆ ಸರಿಸುತ್ತಿದ್ದರು, ಬುಟ್ಟಿಯನ್ನು ಬಾಗಿಲ ಹಿಂದೆ ಇಡುತ್ತಿದ್ದರು. ಕೆಲವರು ತಿನಿಸನ್ನು ಕಟ್ಟೆಯ ಮೇಲಿಟ್ಟು ಅವಳ ಕಡೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಕೈಯಿಂದ ಕೊಡದಿದ್ದರೆ ಒಲೆ ಆರುವುದಿಲ್ಲ. ಆದರೆ ಮಕ್ಕಳೆಲ್ಲ ಒಂದು ಮನೆಯ ಕಟ್ಟೆಯ ಮೇಲೆ ತಿನ್ನುತ್ತ ಕೂತಿರುವಾಗ ನಮ್ಮ ಹುಡುಗಿಗೆ ಮಾತ್ರ ಎಲ್ಲರ ಬೆನ್ನು ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ಅದನ್ನು ನೋಡಿದಾಗ ಅವಳಿಗಾಗಿ ಮರುಗಿದ್ದಕ್ಕಿಂತ ನನಗಾಗಿ ನಾಚಿದ್ದೇ ಹೆಚ್ಚು. ರುದ್ರಗೌಡ ಮಾತ್ರ, ‘ಅಕಿ ಬದುಕ್ಯಾಳಲ್ಲ, ಒಲಿ ಏನ್ ನಾಳೆ ಹತ್ತತಾವ’ ಎಂದು ಅನ್ನುತ್ತಿದ್ದ. ಕೆಂಡ ಹಿಡಿದು ಮನೆಮನೆಗೆ ಹೋಗುವವಳು ಅವನಲ್ಲವಲ್ಲ.

ಹೀಗಿರುವಾಗ ದಾನಮ್ಮ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಇಟ್ಟುಕೊಂಡರು. ದಾನಮ್ಮ ನಮ್ಮ ಓಣಿಯ ಹಿರಿಯರು, ಊರು ನನ್ನನ್ನು ಆಡಿಕೊಂಡಾಗ ಒಮ್ಮೆಯೂ ನಗದವರು. ತಾವೇ ಕರೆಯಲು ಬಂದರು. ಲೀಲಾಳನ್ನು ಬಿಟ್ಟು ಬರಬೇಡ, ಅವಳಿಗಾಗಿಯೇ ಎಳ್ಳುಂಡಿ ಮಾಡಿಸಿದ್ದೇನೆ, ಶೇಂಗಾ ಹತ್ತಿರಕ್ಕೂ ಬಂದಿಲ್ಲ, ನಾಲ್ಕು ಜನರ ಎದುರು ಹುಡುಗಿ ನನ್ನ ಕೈಯಿಂದ ಒಂದು ಉಂಡಿ ತಿಂದರೆ ಎಲ್ಲರ ಬಾಯಿ ಮುಚ್ಚುತ್ತದೆ ಅಂದರು. ನನಗೆ ಅಳು ಬಂತು. ಅಷ್ಟು ದೊಡ್ಡವರು ನನ್ನ ಮಾನ ಕಾಯಲು ಹೊರಟಿದ್ದರು. ಅವರ ಹಿತ್ತಲಲ್ಲಿ ಒನಕೆಯ ಸದ್ದು ನಮ್ಮ ಮನೆಗೂ ಕೇಳುತ್ತಿತ್ತು. ಒಮ್ಮೆ ಹೋಗಿ ನೋಡಿ ಬರಬಹುದಿತ್ತು. ಅಂಥವರ ಮಾತಿನ ಮೇಲೆ ಹೋಗಿ ನೋಡುವುದೇನು ಎಂದು ಸುಮ್ಮನಾದೆ.

ಕಾರ್ಯದ ದಿನ ಲೀಲಾಳಿಗೆ ಹೊಸ ಪರಕಾರ ತೊಡಿಸಿ ಕರೆದುಕೊಂಡು ಹೊರಟೆ. ದಾರಿಯಲ್ಲಿ ಅವಳ ಎದುರು ಕುಕ್ಕರಗಾಲಿನಲ್ಲಿ ಕೂತು, ‘ಇವತ್ತೊಂದಿನ ಬ್ಯಾಡ ಅನಬ್ಯಾಡವಾ, ನನ್ನ ಮರ್ಯಾದಿ ಕಾಯಿ’ ಎಂದೆ. ಅವಳು ಹೂಂ ಅಂದಳು. ಮರ್ಯಾದೆ ಅಂದರೇನೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ.

ಪಡಸಾಲೆ ತುಂಬ ಹೆಂಗಸರಿದ್ದರು. ತೊಟ್ಟಿಲಿಗೆ ಹೂವು ಕಟ್ಟಿದ್ದರು. ಹಿತ್ತಲಿನ ದೊಡ್ಡ ಒಲೆಯ ಮೇಲೆ ಊರಿಗೆಲ್ಲ ಆಗುವಷ್ಟು ಗೋಧಿ ಹುಗ್ಗಿ ಕುದಿಯುತ್ತಿತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳಿದ ಮೇಲೆ ದಾನಮ್ಮ ತಾಟಿನಿಂದ ಒಂದು ಎಳ್ಳುಂಡಿ ತೆಗೆದುಕೊಂಡು ಲೀಲಾಳ ಮುಂದೆ ಬಂದರು. ಹಿತ್ತಲ ಬಾಗಿಲ ಬಳಿ ನಿಂತಿದ್ದ ಒಬ್ಬಳು ಒಲೆಯ ಕಡೆ ಕತ್ತು ಹೊರಳಿಸಿದ್ದನ್ನು ನಾನು ನೋಡಿದೆ. ಲೀಲಾ ಉಂಡಿಯನ್ನು ನೋಡಿದಳು, ದಾನಮ್ಮನನ್ನು ನೋಡಿದಳು, ಆಮೇಲೆ ನನ್ನನ್ನು. ಅವಳ ತುಟಿ ತೆರೆಯುತ್ತಿತ್ತು. ಅದರಿಂದ ಏನು ಬರುತ್ತದೆಂದು ನನಗೆ ಗೊತ್ತಿತ್ತು.

ನಾನು ಮುಂದೆ ನುಗ್ಗಿ ದಾನಮ್ಮನ ಕೈಯಿಂದ ಉಂಡಿ ಕಸಿದುಕೊಂಡೆ. ನಾನೇ ಅವಳ ಬಾಯಿಯ ಹತ್ತಿರ ಹಿಡಿದೆ. ತಾಯಿಗೆ ಬೇಡ ಅನ್ನಲಿಕ್ಕಿಲ್ಲ ಅನ್ನುವ ಧೈರ್ಯ. ಮಣ್ಣಿನ ಆಟ ಬಿಟ್ಟರೆ, ಹುಟ್ಟಿದಾಗಿನಿಂದ ನನ್ನ ಕೈಯಿಂದ ಬಂದದ್ದನ್ನು ಅವಳು ಬೇಡ ಅಂದಿರಲಿಲ್ಲ.

ಅವಳು ಮೆಲ್ಲಗೆ ಕೇಳಿದಳು, ‘ಇದನ್ನ ಕುಟ್ಟೂದು ನೀ ನೋಡೀಯೇನವ್ವಾ?’

‘ನೋಡೀನಿ, ತಿನ್ನು’ ಎಂದೆ.

ಸುಳ್ಳು. ನನ್ನ ಮಗಳ ಜೀವದ ವಿಷಯದಲ್ಲಿ, ನಾನೇ ಕಲಿಸಿದ ಪ್ರಶ್ನೆಗೆ, ಅಷ್ಟು ಜನರ ನಡುವೆ ನಿಂತು, ಒಂದು ಗಳಿಗೆಯೂ ತಡೆಯದೆ ಸುಳ್ಳು ಹೇಳಿದೆ.

ಲೀಲಾ ನನ್ನ ಮುಖವನ್ನೇ ನೋಡಿದಳು. ಆಮೇಲೆ ಕತ್ತು ಹಿಂದಕ್ಕೆ ಎಳೆದುಕೊಂಡು, ‘ಬ್ಯಾಡವ್ವಾ’ ಎಂದಳು.

ಎಲ್ಲರೂ ಹಿತ್ತಲ ಕಡೆ ತಿರುಗಿದರು. ಒಲೆ ಧಗಧಗ ಉರಿಯುತ್ತಿತ್ತು, ಹುಗ್ಗಿ ಕೊತಕೊತ ಕುದಿಯುತ್ತಿತ್ತು. ನಿಟ್ಟುಸಿರು ಬಿಟ್ಟರು, ಯಾರೋ ನಕ್ಕರು ಕೂಡ. ಆಮೇಲೆ ಒಬ್ಬೊಬ್ಬರಾಗಿ ನನ್ನ ಕಡೆ ನೋಡತೊಡಗಿದರು. ಕೊಟ್ಟ ಕೈ ನನ್ನದಲ್ಲವೇ? ನಾನು ಉಂಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಲೀಲಾಳ ರಟ್ಟೆ ಹಿಡಿದು ಮನೆಗೆ ಬಂದೆ. ಅತ್ತೆಯ ಕಾಲದಿಂದ, ಅವಳ ಅತ್ತೆಯ ಕಾಲದಿಂದ ಆರದ ಒಲೆಯೊಳಗೆ ಕೈ ಇಟ್ಟೆ. ಬೂದಿ ತಣ್ಣಗಿತ್ತು.

ಅವಳನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತೇನೋ. ಸಂಜೆ ದೀಪ ಹಚ್ಚಿ, ಅದರ ಬೆಳಕಿನಲ್ಲಿ ತಾಟು ಇಟ್ಟುಕೊಂಡು, ಆ ಎಳ್ಳುಂಡಿಯನ್ನು ಒಡೆದೆ. ಬೆರಳಿನಿಂದ ಹಿಸುಕಿ ಪುಡಿ ಮಾಡಿದೆ. ಒಂದು ಶೇಂಗಾ ಚೂರು, ಒಂದು ಕೆಂಪು ಸಿಪ್ಪೆ ಸಿಕ್ಕರೆ ಸಾಕಾಗಿತ್ತು. ಅದನ್ನು ಹಿಡಿದುಕೊಂಡು ಓಣಿಯ ಈ ತುದಿಯಿಂದ ಆ ತುದಿಯವರೆಗೆ ತೋರಿಸಿಕೊಂಡು ಬರುತ್ತಿದ್ದೆ. ಎಳ್ಳನ್ನು ಒಂದು ಕಡೆ ತಳ್ಳಿದೆ, ಬೆಲ್ಲದ ಚೂರನ್ನು ಒಂದು ಕಡೆ ತಳ್ಳಿದೆ, ಮೂಸಿದೆ, ನಾಲಿಗೆಗೆ ಹಚ್ಚಿದೆ. ಏನೂ ಇರಲಿಲ್ಲ. ಎಳ್ಳು, ಬೆಲ್ಲ, ಸ್ವಲ್ಪ ಏಲಕ್ಕಿ.

ಲೀಲಾ ದೂರ ಗೋಡೆಗೆ ಒರಗಿ ಕೂತಿದ್ದಳು. ‘ಏನ್ ಹುಡಕ್ತಿಯವ್ವಾ?’ ಎಂದಳು. ನನ್ನ ಮಗಳು ತಿನ್ನಬೇಕಾಗಿದ್ದ ಉಂಡಿಯಲ್ಲಿ ಅವಳ ವಿಷ ಇರಲಿ ಎಂದು ಹುಡುಕುತ್ತಿದ್ದೇನೆ ಎಂದು ಯಾವ ಬಾಯಿಂದ ಹೇಳಲಿ? ನನ್ನ ಕೈ ತಾಟಿನಲ್ಲೇ ನಿಂತುಬಿಟ್ಟಿತು. ಮೈ ಮುದುಡಿ ಹಿಡಿಯಷ್ಟಾಗಿಬಿಡಬೇಕು ಅನ್ನಿಸುವಷ್ಟು ನಾಚಿಕೆಯಾಯಿತು.

ತಾಟು ಸರಿಸಿ, ಕೈ ತೊಳೆದುಕೊಂಡು ಬಂದು ಅವಳ ಬಳಿ ಕೂತೆ. ನೋಡಿದ್ದೇನೆ ಅಂದರೂ ಯಾಕೆ ಬೇಡ ಅಂದೆ ಎಂದು ಕೇಳಿದೆ.

‘ಖರೇ ಹೇಳುವಾಗ ನೀ ನನ್ನ ಮಾರಿ ನೋಡತಿ’ ಎಂದಳು. ‘ಅವಾಗ ದಾನಮ್ಮಾಯಿ ಮಾರಿ ನೋಡಿದಿ.’

ರುದ್ರಗೌಡ ಬಂದಾಗ ಮೂವರೂ ಮೊಸರವಲಕ್ಕಿ ತಿಂದೆವು. ಅವನು ಒಲೆಯನ್ನು ನೋಡಿದ, ನನ್ನನ್ನು ನೋಡಿದ. ಊರಿನವರು ದಾರಿಯಲ್ಲೇ ಎಲ್ಲ ಹೇಳಿ ಕಳಿಸಿದ್ದರೆಂದು ಕಾಣುತ್ತದೆ.

ಬೆಳಗಾಯಿತು. ಪಲ್ಲೇದವರ ಒಲೆಯೂ ಅಗಸರ ಓಣಿಯಲ್ಲಿ ಒಂದು ಒಲೆಯೂ ಆರಿವೆಯೆಂದು ಸುದ್ದಿ ಬಂದಿತ್ತು. ಅವರು ನನಗಾಗಿ ಕಾಯುತ್ತಿದ್ದರು, ನನ್ನ ಬಾಣಲೆ ಖಾಲಿ. ಯಾರದೋ ಮನೆಗೆ ಹೋಗಿ ಕೇಳಲೇಬೇಕು. ಊರಾಚೆ ಹೋಗಿ, ನಮ್ಮನ್ನು ಅಷ್ಟಾಗಿ ಅರಿಯದವರ ಮನೆಯಿಂದ ತರೋಣ ಅಂದುಕೊಂಡೆ. ಹೊಸ್ತಿಲು ದಾಟುವಾಗ ಲೀಲಾ ಬಂದು ಸೆರಗು ಹಿಡಿದಳು. ನಾನೂ ಬರತೀನಿ ಅಂದಳು. ಅವಳ ಕೈ ಹಿಡಿದ ಮೇಲೆ ಕಾಲು ಊರಾಚೆ ಹೋಗಲಿಲ್ಲ, ದಾನಮ್ಮನ ಮನೆಯ ಮುಂದೆಯೇ ಹೋಗಿ ನಿಂತಿತು.

ಹಿತ್ತಲಿಗೆ ಹೋದೆವು, ದಾನಮ್ಮ ಅಲ್ಲಿ ನಿನ್ನೆಯ ಹಂಡೆಗಳನ್ನು ತೊಳೆಸುತ್ತಿದ್ದರು. ಎರಡು ಮೂರು ಹೆಂಗಸರೂ ಇದ್ದರು. ನನ್ನ ಕೈಯ ಖಾಲಿ ಬಾಣಲೆ ಕಂಡು ಎಲ್ಲರೂ ಕೆಲಸ ನಿಲ್ಲಿಸಿದರು. ಕೆಂಡ ಬೇಕಾಗಿತ್ತು ಅಂದೆ. ದಾನಮ್ಮನ ಮುಖ ಬಿಗಿದಿತ್ತು. ಅವರ ಮಾತಿನ ಮೇಲೆ ಊರ ಮುಂದೆ ನೀರು ಬಿದ್ದಿತ್ತಲ್ಲ.

‘ಉಂಡಿ ಒಯ್ದಿದ್ದಿ’ ಅಂದರು. ‘ಒಡದು ನೋಡಿರತಿ. ಶೇಂಗಾ ಇತ್ತೇನು?’

‘ಇರಲಿಲ್ರಿ.’

‘ಮತ್ಯಾಕ ಬ್ಯಾಡಂದ್ಲು?’

‘ಅಕಿಗೆ ಗೊತ್ತಿರಲಿಲ್ಲ, ಅದಕ್ಕ. ಗೊತ್ತಿಲ್ಲದ್ದು ಬ್ಯಾಡ ಅನ್ನು ಅಂತ ನಾನೇ ಕಲಿಸೀನಿ. ಕುಟ್ಟೂದು ನಾ ನೋಡಿರಲಿಲ್ಲ. ನೋಡೀನಿ ಅಂತ ಸುಳ್ಳು ಹೇಳಿದೆ. ಅಕಿ ಸರಿ ಇದ್ಲು, ನಾನು ಇರಲಿಲ್ಲ.’

ಇಷ್ಟು ಹೇಳುವಷ್ಟರಲ್ಲಿ ನನ್ನ ಕಿವಿಗಳು ಕಾದುಹೋಗಿದ್ದವು. ಹಂಡೆ ತೊಳೆಯುವವಳು ಕೈಯಲ್ಲಿ ತೆಂಗಿನ ನಾರು ಹಿಡಿದುಕೊಂಡೇ ನಿಂತಿದ್ದಳು. ಇವತ್ತು ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಅಂದುಕೊಂಡೆ, ಆಗಲಿ ಅಂದುಕೊಂಡೆ.

ದಾನಮ್ಮ ಒಳಗೆ ಹೋಗಿ ಇಕ್ಕಳದಿಂದ ಕೆಂಡ ತಂದು ನನ್ನ ಬಾಣಲೆ ತುಂಬಿದರು. ಕೆಂಡದ ಜೊತೆ ಸಿಹಿ ಕೊಡುವುದು ನಮ್ಮ ಪದ್ಧತಿ. ಡಬ್ಬಿಯಿಂದ ಒಂದು ಬೆಲ್ಲದ ಚೂರು ತೆಗೆದು, ಅಭ್ಯಾಸಬಲದಿಂದ, ಲೀಲಾಳ ಕಡೆ ಚಾಚಿದರು. ಚಾಚಿದ ಮೇಲೆ ಅವರಿಗೂ ತಿಳಿಯಿತು, ಕೈ ಅಲ್ಲೇ ನಿಂತಿತು. ನನ್ನ ಬಾಯಿಯವರೆಗೆ ಬಂತು: ಬರೀ ಬೆಲ್ಲ, ತಿನ್ನವ್ವಾ. ಹಲ್ಲು ಕಚ್ಚಿ ಹಿಡಿದೆ. ಜನ್ಮದಲ್ಲಿ ಅಷ್ಟು ಕಷ್ಟಪಟ್ಟು ಬಾಯಿ ಮುಚ್ಚಿದ್ದು ಅದೇ ಮೊದಲು.

ಲೀಲಾ ಕೇಳಿದಳು, ‘ಮುಂಜಾನಿಂದ ಈ ಕೈಲೆ ಏನೇನ್ ಮುಟ್ಟೀರಿ ಆಯಿ?’

ದಾನಮ್ಮ ತಮ್ಮ ಕೈ ನೋಡಿಕೊಂಡರು. ಬಹಳ ಹೊತ್ತು ನೋಡಿಕೊಂಡರು. ‘ಏನೇನೋ ಮುಟ್ಟೀನಿ ತಂಗಿ’ ಅಂದರು. ‘ನೆನಪಿಲ್ಲ.’

‘ಹಂಗಾದ್ರ ಬ್ಯಾಡ.’

ಒಳಗೆ ಒಲೆ ಚುಂಯ್ ಅಂದ ಸದ್ದು ಎಲ್ಲರಿಗೂ ಕೇಳಿಸಿತು. ತೊಟ್ಟಿಲು ಕಟ್ಟಿದ ಮನೆ, ಬಾಣಂತಿಗೆ ಬಿಸಿನೀರು ಕಾಯಬೇಕು. ‘ತಪ್ಪಾತ್ರಿ’ ಅನ್ನುವುದು ನನ್ನ ನಾಲಿಗೆಯ ತುದಿಯಲ್ಲಿ ತಾನಾಗಿಯೇ ಬಂದು ಕೂತಿತು, ಸೆರಗಿನ ಕಡೆ ಕೈ ತಾನಾಗಿಯೇ ಹೋಯಿತು. ಸೆರಗು ಬಿಟ್ಟೆ. ‘ಬಾಣಂತಿಗೆ ನೀರು ನಾ ಕಾಸಿ ತರತೀನ್ರಿ’ ಅಂದೆ. ‘ನಾಳೆ ಮೊದಲನೇ ಕೆಂಡ ನಿಮ್ಮ ಮನಿಗೆ.’

ದಾನಮ್ಮ ಬೆಲ್ಲದ ಚೂರನ್ನು ಡಬ್ಬಿಗೆ ಹಾಕಿ ಮುಚ್ಚಳ ಹಾಕಿದರು. ಲೀಲಾಳನ್ನು ಒಮ್ಮೆ ನೋಡಿದರು. ‘ನಾಳೆ ಬರುವಾಗ ಇಕಿನ್ನೂ ಕರಕೊಂಡು ಬಾ’ ಅಂದರು. ‘ಕೈ ತೊಳಕೊಂಡಿರತೀನಿ.’ ಸಿಟ್ಟಿನಲ್ಲಿ ಅಂದರೋ ಹೇಗೋ, ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ.

ಬಾಣಲೆ ಹಿಡಿದು ಓಣಿಗೆ ಇಳಿದೆವು. ಸ್ವಲ್ಪ ದೂರ ಹೋದ ಮೇಲೆ ಲೀಲಾ ಕೇಳಿದಳು, ‘ಅವ್ವಾ, ಈ ಸಲ ನೀ ತಪ್ಪಾತ್ರಿ ಅನ್ನಲಿಲ್ಲಲ್ಲಾ?’

ನನ್ನ ಕಾಲು ನಿಂತಿತು. ಪಲ್ಲೇದವರ ಬಾಗಿಲಲ್ಲಿ, ಬಳೆಗಾರ್ತಿಯ ಅಂಗಳದಲ್ಲಿ, ಶಾಲೆಯ ಅಡಿಗೆಮನೆಯಲ್ಲಿ, ನಾನು ಸೆರಗು ಹಿಡಿದು ನಿಂತಾಗೆಲ್ಲ ಅವಳು ನನ್ನ ಪಕ್ಕದಲ್ಲೇ ಇದ್ದಳು. ಅವಳು ಜೀವ ಉಳಿಸಿಕೊಂಡ ಪ್ರತಿ ಸಲವೂ ಅವಳ ತಾಯಿ ಅದಕ್ಕಾಗಿ ಊರಿನ ಮುಂದೆ ತಪ್ಪೊಪ್ಪಿಕೊಂಡದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಹಿತ್ತಲಿನ ಆಟದಲ್ಲಾದರೂ ಬೆನ್ನು ತಟ್ಟುತ್ತಿದ್ದೆ. ಓಣಿಯಲ್ಲಿ ಒಮ್ಮೆಯೂ ಶಹಬ್ಬಾಸ್ ಅಂದಿರಲಿಲ್ಲ. ಎಲ್ಲರ ಬೆನ್ನುಗಳ ನಡುವೆ ಅವಳಿಗೆ ಕಾಣುತ್ತಿದ್ದದ್ದು ಒಂದೇ ಮುಖ, ಅದೂ ತಗ್ಗಿಸಿದ್ದು.

ನಡುಬೀದಿಯಲ್ಲಿ ಬಾಣಲೆ ಕೆಳಗಿಟ್ಟು ಅವಳೆದುರು ಕೂತೆ. ಮುಖ ನೋಡಿ ಹೇಳಬೇಕೆಂದು ಅವಳ ಮುಖವನ್ನೇ ನೋಡಿದೆ.

‘ಅದನ್ನ ಅವರಿಗಲ್ಲ, ನಿನಗ ಅನ್ನಬೇಕಿತ್ತು’ ಎಂದೆ. ‘ತಪ್ಪಾತವ್ವಾ.’

ಅವಳು ನನ್ನ ಕಣ್ಣುಗಳನ್ನು ಒಂದಾದ ಮೇಲೊಂದು ನೋಡಿದಳು, ದಾನಮ್ಮನ ಮನೆಯಲ್ಲಿ ಉಂಡಿ ಹಿಡಿದಾಗ ನೋಡಿದ ಹಾಗೆಯೇ. ನಿಜವೆಂದು ಕಂಡಿರಬೇಕು. ಬಾಣಲೆಯ ಕಡೆ ಬಗ್ಗಿ ನೋಡಿ, ನನ್ನ ಕೈ ಹಿಡಿದು ಎಳೆದಳು.

‘ಕೆಂಡಕ್ಕ ಬೂದಿ ಬಂತು ನೋಡು’ ಅಂದಳು. ‘ಲಗೂನ ನಡಿ.’